ಚಿತ್ರದರ್ಶನದ ಫಲ

ಪರರ ಕೃತಿಯನ್ನು ಕಂಡು ತನ್ನ ಕೃತಿಗೆ ಪ್ರೇರಣೆ ಪಡೆಯುವುದು ಎಂಬುದು ಕೇಳುವುದಕ್ಕೆ ಸುಲಭವಾದ ಮಾತು. ವಿಚಾರಿಸಿ ನೋಡಿದರೆ ಅದರೊಳಗೆ ಒಂದು ತೊಡಕು ಅಡಗಿರುವುದು ಗೋಚರವಾಗುತ್ತದೆ. ಕಂಡದ್ದನ್ನು ಕಂಡಂತೆಯೇ ತಂದು ತನ್ನದರಲ್ಲಿ ಸೇರಿಸಿಕೊಂಡರೆ ಅದು ಚೌರ್ಯವೆನಿಸುವುದು. ಏನನ್ನೂ ತಾರದೆ ಬರಿಗೈಯಲ್ಲಿ ಹಿಂದಿರುಗಿದರೆ ಹೋದ ಶ್ರಮವೇ ವ್ಯರ್ಥವಾಗುವುದು. ಹಾಗಾದರೆ ಚಿತ್ರಪ್ರದರ್ಶನಕ್ಕೆ ಹೋದ ಕಲಾವಿದನು, ಕಾವ್ಯವನ್ನೋದಿದ ಕವಿಯು, ಅಲ್ಲಿಂದ ನ್ಯಾಯವಾಗಿ ತರಬಹುದಾದ ವಸ್ತುವು ಯಾವುದು? ಅದನ್ನು ತರುವ ಕ್ರಮವೆಂತು?

ನಮ್ಮ ಆಲಂಕಾರಿಕರಿಗೆ ಈ ಪ್ರಶ್ನೆಯು ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನಾಚಾರ್ಯನು ತನ್ನ ಧ್ವನ್ಯಾಲೋಕದ ಕಡೆಯ ಉದ್ಯೋತದಲ್ಲಿ ಇದನ್ನು ಎತ್ತಿಕೊಂಡು, ಒಬ್ಬ ಕವಿಯ ಕಾವ್ಯಕ್ಕೂ ಇನ್ನೊಬ್ಬನ ಕಾವ್ಯಕ್ಕೂ ಉಂಟಾಗುವ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸಿರುತ್ತಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತಿರುವುದು ಒಂದು. ಚಿತ್ರದಲ್ಲಿ ಬರೆದ ಆಕಾರದಂತಿರುವುದು ಎರಡನೆಯದು. ಒಬ್ಬ ದೇಹಿಯು ಮತ್ತೊಬ್ಬ ದೇಹಿಯನ್ನು ಹೋಲುವಂತಿರುವುದು ಮೂರನೆಯದು. ಮೊದಲನೆಯದಕ್ಕೆ ಸ್ವಂತವಾದ ಆತ್ಮವಿಲ್ಲ. ಎರಡನೆಯದಕ್ಕಿರುವ ಆತ್ಮವು ತುಚ್ಛವಾದುದು. ಮೂರನೆಯದಕ್ಕೆ ಮಾತ್ರ ತನ್ನದೇ ಆದ ಜೀವವುಂಟು. ಆದಕಾರಣ ಸುಕವಿಯು ಮೊದಲೆರಡನ್ನು ಬಿಡತಕ್ಕದ್ದು, ಮೂರನೆಯದನ್ನು ಬಿಡಬೇಕಾದುದಿಲ್ಲ ಎಂಬುದು ಆಚಾರ್ಯನ ನಿರ್ಣಯದ ಸಾರ.

ವಿಭಾಗವು ಸ್ಪಷ್ಟವಾಗಿಯೇ ಇದೆ. ಆದರೆ ಆ ಮೂರನೆಯ ಬಗೆಯ ಸಾದೃಶ್ಯವು ಲೋಕದಲ್ಲಿ ಹೇಗೆ ಸಂಭವಿಸುವುದೆಂಬುದು ದೃಷ್ಟಾಂತವಿಲ್ಲದೆ ಮನಸ್ಸಿಗೆ ಹತ್ತುವುದು ಕಷ್ಟ. ಅಂತಹ ದೃಷ್ಟಾಂತವೊಂದು ಯೂರೋಪಿನ ಚಿತ್ರಕಲೆಯ ಇತಿಹಾಸದಲ್ಲಿ ದೊರೆಯುತ್ತದೆ. ೧೯೦೭ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಒಬ್ಬ ಚಿತ್ರಕಾರನ ಐವತ್ತಾರು ಕೃತಿಗಳನ್ನು ಪ್ರದರ್ಶನಕ್ಕಿಟ್ಟರು. ಅದನ್ನು ನೋಡಲು ಹೋದವರಲ್ಲಿ ಒಬ್ಬನು ಕವಿ, ಒಬ್ಬನು ತರುಣ ಚಿತ್ರಕಾರ. ಮತ್ತೊಬ್ಬಳು ಹೋಗಬೇಕೆಂದು ಹಂಬಲಿಸಿ ಹೋಗಲಾರದೆ ಉಳಿದಳು. ಈ ಮೂವರ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಚಿತ್ರಕಾರನ ಹೆಸರು ಪಾಲ್ ಸೆಜಾನ್. ಈತನು ೧೮೩೯ರಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದ ಏಕ್ಸ್ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆಯು ಬ್ಯಾಂಕಿನ ಒಡೆಯ. ಮಗನು ನ್ಯಾಯಶಾಸ್ತ್ರವನ್ನೋದಬೇಕೆಂಬುದು ಅವನ ಇಷ್ಟ. ಸ್ವಲ್ಪ ಕಾಲ ಓದಿದ ಶಾಸ್ತ್ರವನ್ನು ಬಿಟ್ಟು, ಮಗನು ೧೮೬೧ರಲ್ಲಿ ಚಿತ್ರಾಭ್ಯಾಸಕ್ಕಾಗಿ ಪ್ಯಾರಿಸ್ಸಿಗೆ ಬಂದನು. ಆ ಕಾಲದಲ್ಲಿ ಅಲ್ಲಿ ‘ಸಲೋನ್’ ಎಂಬ ಅಧಿಕೃತ ಪ್ರದರ್ಶನವು ನಡೆಯುತ್ತಿತ್ತು. ಯಾವ ಚಿತ್ರವನ್ನು ಗೋಡೆಗೆ ತೂಗಹಾಕಬೇಕು, ಯಾವುದನ್ನು ಹಿಂದಕ್ಕೆ ಕಳುಹಿಸಬೇಕು ಎಂಬುದನ್ನು ಒಂದು ಪರೀಕ್ಷಕಮಂಡಲಿಯು ತೀರ್ಮಾನಿಸುತ್ತಿತ್ತು. ಅಲ್ಲಿ ಪ್ರವೇಶ ದೊರೆತವನಿಗೆ ಗಿರಾಕಿಗಳೂ ಗೌರವವೂ ದೊರೆಯುತ್ತಿದ್ದುವು. ದೊರೆಯದವನು ಲೋಕದ ಕಣ್ಣಿಗೆ ಇಲ್ಲದವನಂತೆಯೇ.

ಸೆಜಾನನು ವರ್ಷವರ್ಷವೂ ಚಿತ್ರಗಳನ್ನು ಕಳುಹಿಸಿದನು. ಅವು ವರ್ಷವರ್ಷವೂ ಹಿಂದಿರುಗಿ ಬಂದುವು. ೧೮೬೩ರಲ್ಲಿ ತಿರಸ್ಕೃತರ ಸಂಖ್ಯೆಯು ಬಹಳವಾಗಿ ಕೂಗೆದ್ದಾಗ, ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ತಿರಸ್ಕೃತ ಚಿತ್ರಗಳಿಗಾಗಿಯೇ ಬೇರೊಂದು ಪ್ರದರ್ಶನವನ್ನು ಏರ್ಪಡಿಸಲು ಅಪ್ಪಣೆಯಿತ್ತನು. ಸೆಜಾನನ ಕೃತಿಗೂ ಅಲ್ಲಿ ಎಡೆ ದೊರೆಯಿತು. ತದನಂತರ ೧೮೭೪ರ ಏಪ್ರಿಲ್ ೧೫ರಂದು, ಮೊನೆ, ಪಿಸ್ಸಾರೊ, ರೆನ್ವಾರ್, ದಿಗಾ ಮುಂತಾದ ಸುಮಾರು ಮೂವತ್ತು ಮಂದಿ ಸೇರಿ, ಯಾವ ಪರೀಕ್ಷಕರ ಹಂಗೂ ಇಲ್ಲದೆ, ನಾದಾರ್ ಎಂಬ ಛಾಯಾಚಿತ್ರಕಾರನ ಹಳೆಯ ಕಾರ್ಯಶಾಲೆಯಲ್ಲಿ ಸ್ವತಂತ್ರವಾದ ಪ್ರದರ್ಶನವೊಂದನ್ನು ತೆರೆದರು. ಸೆಜಾನನೂ ಅವರೊಡನೆ ಸೇರಿದ್ದನು. ಪತ್ರಿಕೆಗಳು ಎಲ್ಲರನ್ನೂ ಪರಿಹಾಸ್ಯ ಮಾಡಿದುವು. ಈತನ ಪಾಲಿಗೆ ಬಂದ ಪರಿಹಾಸ್ಯವು ಸ್ವಲ್ಪವಲ್ಲ. ೧೮೭೭ರಲ್ಲಿ ಮತ್ತೊಮ್ಮೆ ಅವರೊಡನೆ ತನ್ನ ಚಿತ್ರಗಳನ್ನಿಟ್ಟು, ಅಲ್ಲಿಂದ ಮುಂದೆ ಅವರ ಗೋಷ್ಠಿಯನ್ನೂ ಬಿಟ್ಟನು. ಅಧಿಕೃತ ಸಲೋನಿನಲ್ಲಿ ಈತನ ಚಿತ್ರವು ತೂಗಿದ್ದು ೧೮೮೨ರಲ್ಲಿ ಒಂದೇ ಒಂದು ಸಲ. ಅದೂ ಪರೀಕ್ಷಕಮಂಡಲಿಯಲ್ಲಿದ್ದ ಗೆಳೆಯನೊಬ್ಬನ ಶಿಷ್ಯನೆಂಬ ನೆಪದಿಂದ.

ಆ ಬಳಿಕ ಅವನು ತನ್ನ ಊರಿನಲ್ಲಿಯೇ ನೆಲೆಸಿ, ಸೇಬಿನ ಹಣ್ಣುಗಳನ್ನೂ, ಮಡಕೆಗಳನ್ನೂ, ಹೆಂಡತಿಯನ್ನೂ, ಇಸ್ಪೀಟಾಡುವ ಒಕ್ಕಲಿಗರನ್ನೂ, ಊರ ಹೊರಗಿನ ಸ್ಯಾಂತ್ ವಿಕ್ತ್ವಾರ್ ಎಂಬ ಬೆಟ್ಟವನ್ನೂ ಮತ್ತೆ ಮತ್ತೆ ಬರೆಯುತ್ತ ಕಾಲ ಕಳೆದನು. ಪ್ಯಾರಿಸ್ಸಿನಲ್ಲಿ ಈತನ ಚಿತ್ರವನ್ನು ನೋಡಬೇಕೆಂಬವರು ತಾಂಗಿ ಎಂಬ ಬಣ್ಣದ ವ್ಯಾಪಾರಿಯ ಅಂಗಡಿಗೆ ಹೋಗಬೇಕಾಗಿತ್ತು. ೧೮೯೫ರಲ್ಲಿ ವೊಲ್ಲಾರ್ ಎಂಬ ವ್ಯಾಪಾರಿಯು ಧೈರ್ಯಮಾಡಿ ಈತನೊಬ್ಬನದೇ ಪ್ರದರ್ಶನವನ್ನಿಟ್ಟನು. ಆಗ ಅಲ್ಲಿಗೆ ಬಂದು ಮೊದಲು ಬೆರಗಾದವರು ದಿಗಾ, ರೆನ್ವಾರ್, ಮೊನೆ, ಪಿಸ್ಸಾರೊ ಮೊದಲಾದ ಸಹಕಲಾವಿದರು. ಅವರಲ್ಲಿ ಕೆಲವರು ಚಿತ್ರಗಳನ್ನು ಕೊಂಡೂ ಕೊಂಡರು. ವಯಸ್ಸಿನಲ್ಲಿ ಅಭಿವೃದ್ಧರಾಗಿ ಕೀರ್ತಿಯನ್ನು ಸಂಪಾದಿಸಿದ್ದವರು, ತಮ್ಮ ಹಳೆಯ ಜೊತೆಗಾರನ ಮುಂದೆ ಹೀಗೆ ವಿದ್ಯಾರ್ಥಿಗಳಂತೆ ನಿಂತದ್ದು ಸ್ಮರಣೀಯವಾದ ಸಂಗತಿ.

ಪರರ ಕೃತಿಯನ್ನು ನೋಡುವ ವಿಷಯದಲ್ಲಿ ಸೆಜಾನನದೇ ಆದ ಒಂದು ಅಭಿಪ್ರಾಯವಿತ್ತು. ತಾರುಣ್ಯದಿಂದ ಮುಪ್ಪಿನವರೆಗೂ ಅವನು ಪ್ಯಾರಿಸ್ಸಿಗೆ ಬಂದಾಗಲೆಲ್ಲ ಲೂವ್ರ್ ಚಿತ್ರಶಾಲೆಗೆ ಹೋಗಿ ಪೂರ್ವಸೂರಿಗಳ ಕೃತಿಗಳನ್ನು ರೇಖೆಯಲ್ಲಿ ಬರೆದುಕೊಳ್ಳುತ್ತಿದ್ದನು. ೧೯೦೫ರಲ್ಲಿ ಎಮೀಲ್ ಬೆರ್ನಾರ್ ಎಂಬ ಕಿರಿಯ ಚಿತ್ರಕಾರನಿಗೆ ಬರೆದ ಕಾಗದದಲ್ಲಿ ಆ ಚಿತ್ರಶಾಲೆಯನ್ನು ನಾವು ಓದು ಕಲಿಯುವ ಪುಸ್ತಕಕ್ಕೆ ಹೋಲಿಸಿ, ಆದರೆ ಹಿರಿಯರ ಸೂತ್ರಗಳನ್ನು ನೆನಪಿನಲ್ಲಿಟ್ಟುಕೊಂಡು ತೃಪ್ತರಾಗಬಾರದು, ಅಲ್ಲಿಂದ ಹೊರಟು ಪ್ರಕೃತಿಯ ಎದುರಿಗೆ ನಿಲ್ಲಬೇಕು ಎಂಬ ಅಭಿಪ್ರಾಯವನ್ನು ಸೂಚಿಸಿದನು. ಅಕ್ಷರ ಕಲಿತ ಮೇಲೆ ಬಾಲಬೋಧೆಯನ್ನೇ ಜೀವಮಾನವೆಲ್ಲ ಪಾರಾಯಣ ಮಾಡುವವನುಂಟೇ? ಕಲಿತ ಅಕ್ಷರದಿಂದ ಬೇರೇನನ್ನಾದರೂ ಓದಬೇಕಷ್ಟೆ.

೧೯೦೬ರ ಅಕ್ಟೋಬರ್ ೧೫ರಂದು, ಅರವತ್ತೇಳು ವರ್ಷದ ಸೆಜಾನನು ಬಯಲಿನಲ್ಲಿ ಚಿತ್ರ ಬರೆಯುತ್ತಿರುವಾಗ ಬಿರುಮಳೆಗೆ ಸಿಕ್ಕಿ ನೆಲಕ್ಕೆ ಬಿದ್ದನು. ಆ ಬಳಿಕ ಒಂದು ವಾರದೊಳಗೆ ದೇಹವನ್ನು ಬಿಟ್ಟನು. ೧೯೦೩ರಲ್ಲಿ ಸ್ಥಾಪಿತವಾಗಿದ್ದ ‘ಸಲೋನ್ ದೋತೋನ್’ ಎಂಬ, ಶರತ್ಕಾಲದಲ್ಲಿ ಸಮಕಾಲೀನ ಕಲಾವಿದರ ಕೃತಿಗಳನ್ನು ತೋರಿಸುವ ಪ್ರದರ್ಶನದವರು, ೧೯೦೭ರ ಅಕ್ಟೋಬರಿನಲ್ಲಿ ಗ್ರಾಂ ಪಾಲೆ ಎಂಬ ವಿಶಾಲಮಂದಿರದಲ್ಲಿ ಈತನ ಸ್ಮರಣಾರ್ಥವಾಗಿ ಐವತ್ತಾರು ಕೃತಿಗಳನ್ನು ಒಟ್ಟುಗೂಡಿಸಿದರು. ಎಮೀಲ್ ಬೆರ್ನಾರನು ತನ್ನ ನೆನಪುಗಳನ್ನೂ ಸೆಜಾನನ ಕಾಗದಗಳನ್ನೂ ಅದೇ ತಿಂಗಳು ಒಂದು ಪತ್ರಿಕೆಯಲ್ಲಿ ಅಚ್ಚುಮಾಡಿಸಿದನು. ಹೀಗೆ ಚಿತ್ರವೂ ಚಿತ್ರಕಾರನ ಮಾತೂ ಏಕಕಾಲದಲ್ಲಿ ಜನರ ಮುಂದೆ ಬಂದುವು.

ಅಲ್ಲಿಗೆ ಹೋದ ಕವಿಯ ಹೆಸರು ರೈನರ್ ಮರಿಯಾ ರಿಲ್ಕೆ. ಈತನು ೧೮೭೫ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದವನು. ಜರ್ಮನ್ ಭಾಷೆಯಲ್ಲಿ ಕಾವ್ಯಗಳನ್ನು ಬರೆದವನು. ಮೊದಮೊದಲು ಈತನ ಪದ್ಯಗಳು ಭಾವದ ಉಕ್ಕಿನಿಂದ ತುಂಬಿ, ಹೇಳುವ ವಸ್ತುವಿಗಿಂತ ಹೇಳುವವನ ಮನಸ್ಸೇ ಮುಂದಾಗಿ ಕಾಣುವಂತಿದ್ದುವು. ೧೯೦೨ರಲ್ಲಿ ಪ್ಯಾರಿಸ್ಸಿಗೆ ಬಂದು ಪ್ರಸಿದ್ಧ ಶಿಲ್ಪಿಯಾದ ರೋದಾಂ ಎಂಬವನನ್ನು ಆಶ್ರಯಿಸಿ, ೧೯೦೫-೦೬ರಲ್ಲಿ ಕೆಲವು ತಿಂಗಳು ಅವನ ಕಾರ್ಯದರ್ಶಿಯಾಗಿಯೂ ಇದ್ದನು. ಸ್ಫೂರ್ತಿಗಾಗಿ ಕಾದು ಕುಳಿತುಕೊಳ್ಳದೆ ಎಡೆಬಿಡದೆ ದುಡಿಯುವುದೇ ಕಲಾವಿದನ ಧರ್ಮವೆಂಬ ಉಪದೇಶವು ಈತನಿಗೆ ರೋದಾಂನಿಂದ ದೊರೆಯಿತು. ಆದರೆ ಶಿಲ್ಪಿಗೆ ಕಲ್ಲುಂಟು, ಮಣ್ಣುಂಟು; ಬೆಳಗಾದೊಡನೆ ಕೈಯಿಟ್ಟು ದುಡಿಯಬಹುದು. ಕವಿಯು ಯಾವುದರ ಮೇಲೆ ಕೈಯಿಡಬೇಕು? ಈ ಪ್ರಶ್ನೆಯನ್ನು ಹೊತ್ತುಕೊಂಡೇ ಅವನು ೧೯೦೭ರ ಶರತ್ಕಾಲದಲ್ಲಿ ಪ್ಯಾರಿಸ್ಸಿನ ಒಂದು ಬಾಡಿಗೆಯ ಕೊಠಡಿಯಲ್ಲಿದ್ದನು. ಅವನ ಹೆಂಡತಿಯಾದ ಕ್ಲಾರಾ ವೆಸ್ಟ್‌ಹಾಫ್ ಎಂಬ ಶಿಲ್ಪಕಾರ್ತಿಯು ಜರ್ಮನಿಯಲ್ಲಿದ್ದಳು.

ಅಕ್ಟೋಬರ್ ತಿಂಗಳ ಮೊದಲ ವಾರದಿಂದ ಅವನು ಸೆಜಾನನ ಚಿತ್ರಗಳಿದ್ದ ಕೊಠಡಿಗೆ ಹೋಗಲು ತೊಡಗಿದನು. ಒಂದು ದಿನ ಹೋಗಿ ಬಂದವನಲ್ಲ. ಪ್ರದರ್ಶನವು ಮುಚ್ಚುವವರೆಗೂ ಹೆಚ್ಚುಕಡಮೆ ಪ್ರತಿದಿನವೂ ಹೋಗಿ, ಸಂಜೆ ಮನೆಗೆ ಬಂದು ಕ್ಲಾರಾಳಿಗೆ ಕಾಗದ ಬರೆಯುತ್ತಿದ್ದನು. ಈ ಕಾಗದಗಳು ಅವನ ಮರಣಾನಂತರ ಬಹುಕಾಲಕ್ಕೆ, ೧೯೫೨ರಲ್ಲಿ, ಪ್ರತ್ಯೇಕ ಗ್ರಂಥವಾಗಿ ಪ್ರಕಟವಾದುವು. ಅವುಗಳನ್ನೋದಿದರೆ ಒಬ್ಬ ಕವಿಯ ಕಣ್ಣು ದಿನದಿನಕ್ಕೆ ಹೇಗೆ ತೆರೆಯಿತೆಂಬುದು ಹೆಜ್ಜೆಹೆಜ್ಜೆಯಾಗಿ ಕಾಣುತ್ತದೆ.

ಚಿತ್ರಶಾಲೆಗಳಿಗೆ ಹೋದಾಗ ತನಗೆ ಚಿತ್ರಗಳಿಗಿಂತ ಅವುಗಳ ಮುಂದೆ ಸುತ್ತಾಡುವ ಜನರೇ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತಾರೆಂದು ಅವನು ಮೊದಲಲ್ಲಿಯೇ ಒಪ್ಪಿಕೊಂಡಿರುತ್ತಾನೆ. ಸೆಜಾನನ ಕೊಠಡಿಯೊಂದೇ ಇದಕ್ಕೆ ಅಪವಾದವಾಗಿತ್ತು. ಅಲ್ಲಿಯೂ ಫಲವು ಒಡನೆಯೇ ದೊರೆಯಲಿಲ್ಲ. ಬಹಳ ಹೊತ್ತು ಏನೂ ಕಾಣದೆ ನಿಂತು, ಆಮೇಲೆ ಹಠಾತ್ತಾಗಿ ಸರಿಯಾದ ಕಣ್ಣು ಬರುವ ಅನುಭವವನ್ನು ಅವನು ವರ್ಣಿಸುತ್ತಾನೆ. ಜೊತೆಗೆ ಬಂದಿದ್ದ ಮಾಟಿಲ್ಡೆ ಫೋಲ್‌ಮೋಲರ್ ಎಂಬ ಚಿತ್ರಕಾರ್ತಿಯು, ಸೆಜಾನನು ವಸ್ತುವಿನ ಮುಂದೆ ನಾಯಿಯ ಹಾಗೆ ಕುಳಿತು, ಯಾವ ಉದ್ವೇಗವೂ ಯಾವ ಒಳ ಉದ್ದೇಶವೂ ಇಲ್ಲದೆ ಸುಮ್ಮನೆ ನೋಡಿದನೆಂದು ಹೇಳಿದಳಂತೆ. ಆ ಮಾತು ಕವಿಯ ಮನಸ್ಸಿಗೆ ನಾಟಿತು. ಬಣ್ಣದ ಅಭ್ಯಾಸವಿದ್ದ ಒಬ್ಬಳು ಪಕ್ಕದಲ್ಲಿ ನಿಂತು ಒಂದು ಮಾತು ಸೂಚಿಸಿದ್ದರಿಂದ ಎಷ್ಟು ಉಪಕಾರವಾಯಿತೆಂಬುದನ್ನು ಗಮನಿಸಬೇಕು.

ಹಾಗಾದರೆ ಅವನು ಕಂಡದ್ದೇನು? ಸೇಬಿನ ಹಣ್ಣನ್ನು ಬರೆಯುವ ಸಾಮಾನ್ಯ ಚಿತ್ರಕಾರನು, ತನಗೆ ಆ ಹಣ್ಣಿನ ಮೇಲೆ ಇರುವ ಮೋಹವನ್ನೇ ಬರೆದು ತೋರಿಸುತ್ತಾನೆ. ಸೆಜಾನನು ಆ ಮೋಹವನ್ನೆಲ್ಲ ಕೆಲಸದೊಳಗೆ ವ್ಯಯಮಾಡಿ, ಹಣ್ಣು ಇಲ್ಲಿದೆ ಎಂಬಷ್ಟನ್ನು ಮಾತ್ರ ಪಟದ ಮೇಲೆ ಉಳಿಸುತ್ತಾನೆ. ಅವನಲ್ಲಿ ಪ್ರೀತಿಯು ಇಲ್ಲವೆಂದಲ್ಲ; ಅದು ಕೃತಿಯಲ್ಲಿ ಪೂರ್ತಿಯಾಗಿ ಕರಗಿಹೋಗಿ ಶೇಷವಿಲ್ಲದಂತಾಗಿದೆ. ಕವಿಯ ತಿಳಿವಳಿಕೆಯ ತಾತ್ಪರ್ಯವು ಹೀಗಿದೆ. ಕೆಂಪು ಆಸನದಲ್ಲಿ ಕುಳಿತ ಸೆಜಾನನ ಹೆಂಡತಿಯ ಚಿತ್ರವೊಂದು ಆ ಕೊಠಡಿಯಲ್ಲಿದ್ದಿತು. ಈಗ ಅದು ಅಮೇರಿಕದ ಬಾಸ್ಟನ್ ನಗರದ ಸಂಗ್ರಹಾಲಯದಲ್ಲಿದೆ. ಪ್ರದರ್ಶನವು ಮುಗಿಯುವ ದಿನ ರಿಲ್ಕೆಯು ಆ ಚಿತ್ರದ ಒಂದೊಂದು ಬಣ್ಣವೂ ಉಳಿದ ಬಣ್ಣಗಳ ಇರವನ್ನು ಬಲ್ಲದೋ ಎಂಬಂತೆ ಒಂದನ್ನೊಂದು ಹೇಗೆ ತೂಗಿ ಹಿಡಿದಿದೆಯೆಂಬುದನ್ನು ಬಹು ದೀರ್ಘವಾಗಿ ಬರೆದನು. ನೋಡಿದ ಚಿತ್ರವನ್ನು ಎದುರಿಗಿಲ್ಲದಾಗ ನೆನಪಿನಿಂದ ಮಾತಿನಲ್ಲಿ ಕಟ್ಟುವುದು ಅವನಿಗೆ ಒಂದು ಅಭ್ಯಾಸವಾಗಿ ಪರಿಣಮಿಸಿತು.

ಕವಿಗೆ ಚಿತ್ರದಿಂದೇನು ಎಂದು ಕೇಳುವವರಿಗೆ ನಮ್ಮ ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡವು ಉತ್ತರ ಹೇಳುತ್ತದೆ. ಪ್ರತಿಮೆಯನ್ನು ಮಾಡುವ ವಿದ್ಯೆಯನ್ನು ಕೇಳಿದ ವಜ್ರರಾಜನಿಗೆ ಮಾರ್ಕಂಡೇಯನು, ಚಿತ್ರವನ್ನರಿಯದೆ ಪ್ರತಿಮೆಯು ತಿಳಿಯದೆಂದೂ, ನೃತ್ತವನ್ನರಿಯದೆ ಚಿತ್ರವು ತಿಳಿಯದೆಂದೂ, ನೃತ್ತಕ್ಕೆ ವಾದ್ಯವೂ ವಾದ್ಯಕ್ಕೆ ಗೀತವೂ ಬೇಕೆಂದೂ ಒಂದರ ಹಿಂದೊಂದಾಗಿ ತಿಳಿಸುತ್ತಾನೆ. ಒಂದು ಕಲೆಯ ಬೀಗದ ಕೈಯು ಮತ್ತೊಂದರ ಮನೆಯಲ್ಲಿರುವುದೆಂಬುದು ಇದರ ಅಭಿಪ್ರಾಯ. ಮೇಲಾಗಿ, ಬೇರೆ ಕಲೆಯಿಂದ ಕಲಿಯುವುದರಲ್ಲಿ ಇನ್ನೊಂದು ಪ್ರಯೋಜನವುಂಟು. ಕವಿಯು ಚಿತ್ರದ ಬಣ್ಣವನ್ನು ಕದ್ದು ಪದ್ಯದೊಳಗೆ ಬಳಿಯಲಾರನು. ಪ್ರತಿಬಿಂಬವಾಗುವ ದಾರಿಯೇ ಅವನಿಗೆ ಮುಚ್ಚಿರುವುದರಿಂದ, ಒಳಗಿನ ತತ್ತ್ವವನ್ನು ಹುಡುಕದೆ ಅವನಿಗೆ ಗತ್ಯಂತರವಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಇತಿಹಾಸದ ದೃಷ್ಟಿಯಿಂದ ಎಚ್ಚರಿಕೆಯಿಂದ ಹೇಳಬೇಕಾಗಿದೆ. ರಿಲ್ಕೆಯ ‘ಹೊಸ ಕವನಗಳು’ ಎಂಬ ಸಂಗ್ರಹದ ಮೊದಲ ಭಾಗವು ೧೯೦೭ರ ಡಿಸೆಂಬರಿನಲ್ಲಿ ಹೊರಬಂದಿತು. ಎರಡನೆಯ ಭಾಗವು ೧೯೦೮ರಲ್ಲಿ. ವಸ್ತುವನ್ನು ವಸ್ತುವಾಗಿಯೇ ನಿಲ್ಲಿಸುವ ರೀತಿಯು ಈ ಕವನಗಳಲ್ಲಿರುವುದನ್ನು ಕಂಡು, ಇದೆಲ್ಲ ಸೆಜಾನನ ಪ್ರದರ್ಶನದ ಫಲವೆಂದು ಹೇಳಿಬಿಡುವುದು ಸುಲಭ. ಆದರೆ ಮೊದಲ ಭಾಗದ ಹಸ್ತಪ್ರತಿಯು ಆ ಅಕ್ಟೋಬರಿಗೆ ಮೊದಲೇ ಸಿದ್ಧವಾಗಿದ್ದಿತು. ಎರಡನೆಯ ಭಾಗದ ಅನೇಕ ಪದ್ಯಗಳು ಕೂಡ ಆ ಬೇಸಗೆಯಲ್ಲಿಯೇ ಹುಟ್ಟಿದ್ದುವು. ಅವನೇ ಅಕ್ಟೋಬರ್ ೧೮ರ ಕಾಗದದಲ್ಲಿ, ತಾನು ಈ ಚಿತ್ರಗಳಲ್ಲಿ ಗುರುತಿಸಿದ ತಿರುವನ್ನು ತನ್ನ ಕೆಲಸದಲ್ಲಿಯೂ ಆಗತಾನೆ ಮುಟ್ಟಿದ್ದರಿಂದ, ಅಥವಾ ಅದರ ಸಮೀಪಕ್ಕೆ ಬಂದಿದ್ದರಿಂದ, ಗುರುತಿಸಬಲ್ಲವನಾದೆನೆಂದು ತಿಳಿಸಿರುತ್ತಾನೆ. ಹಾಗೆ ಸ್ವಂತ ನಿಮಿತ್ತದಿಂದ ಆ ಚಿತ್ರಗಳ ಬಳಿಗೆ ಹೋದವನು ಅವುಗಳ ಮೇಲೆ ಗ್ರಂಥ ಬರೆಯುವುದು ಸಲ್ಲದೆಂದು ಸಂಕೋಚಪಟ್ಟು, ಸೆಜಾನನ ವಿಷಯದಲ್ಲಿ ಯಾವ ಗ್ರಂಥವನ್ನೂ ಪ್ರಕಟಿಸಲಿಲ್ಲ.

ಈ ಮಾತಿನಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಡಗಿದೆ. ಪ್ರದರ್ಶನವು ಅವನಿಗೆ ಇಲ್ಲದ್ದನ್ನು ಕೊಡಲಿಲ್ಲ. ಅರ್ಧ ದಾರಿಯನ್ನು ನಡೆದು, ಮುಂದಿನ ದಾರಿ ಸರಿಯೋ ತಪ್ಪೋ ಎಂಬ ಶಂಕೆಯಿಂದ ನಿಂತಿದ್ದವನಿಗೆ, ಅದೇ ದಾರಿಯ ಕೊನೆಯನ್ನು ಮುಟ್ಟಿದ ಹಿರಿಯನ ಹೆಜ್ಜೆಯ ಗುರುತುಗಳನ್ನು ತೋರಿಸಿತು. ಅದೇ ಮಂದಿರದಲ್ಲಿ ಅದೇ ಚಿತ್ರಗಳ ಮುಂದೆ ನಿಂತು ನಕ್ಕು ಹೋದವರೂ ಇದ್ದರು. ಕಣ್ಣು ಎಲ್ಲರಿಗೂ ಸಮಾನವೇ. ಕೈಯಲ್ಲಿ ಕೆಲಸವಿದ್ದವನಿಗೆ ಮಾತ್ರ ಕಂಡದ್ದು ಉಪಯೋಗಕ್ಕೆ ಬಂದಿತು.

ಎರಡನೆಯವನು ಜಾರ್ಜ್ ಬ್ರಾಕ್. ಆಗ ಇಪ್ಪತ್ತೈದು ವರ್ಷದ ತರುಣ. ಕಣ್ಣು ಕೋರೈಸುವ ಕೆಂಪು ಹಳದಿ ನೀಲಿಗಳಿಂದ ಚಿತ್ರ ಬರೆಯುವ ಮಾತಿಸ್ ಮೊದಲಾದವರ ಗುಂಪಿಗೆ ಸೇರಿ, ೧೯೦೭ರ ವಸಂತದಲ್ಲಿ ಒಂದು ಪ್ರದರ್ಶನಕ್ಕೆ ಕಳುಹಿಸಿದ ಚಿತ್ರಗಳನ್ನೆಲ್ಲ ಮಾರಿ ಯಶಸ್ವಿಯಾಗಿದ್ದನು. ಅದೇ ರೀತಿಯನ್ನು ಮುಂದುವರಿಸಿದ್ದರೆ ಹಣಕ್ಕೂ ಹೆಸರಿಗೂ ಕೊರತೆಯಿರುತ್ತಿರಲಿಲ್ಲ. ಸೆಜಾನನ ಕೃತಿಗಳನ್ನು ಕಂಡ ಬಳಿಕ ಅವನು ಆ ಹೊಳೆಯುವ ಬಣ್ಣಗಳನ್ನು ಬಿಟ್ಟನು. ೧೯೦೮ರ ಬೇಸಗೆಯಲ್ಲಿ, ಹಿಂದೆ ಸೆಜಾನನು ಕುಳಿತು ಬರೆದಿದ್ದ ಲೆಸ್ತಾಕ್ ಎಂಬ ಕಡಲ ತೀರದ ಊರಿಗೇ ಹೋಗಿ, ಕಾವಿ, ಮಾಸಲು ಹಸುರು, ಬೂದು ಈ ಕೆಲವೇ ಬಣ್ಣಗಳಿಂದ ಮನೆಗಳನ್ನು ಬರೆದನು. ಆ ಮನೆಗಳಿಗೆ ಕಿಟಕಿಯಿಲ್ಲ, ಬಾಗಿಲಿಲ್ಲ. ಮೇಲೆ ಆಕಾಶವೂ ಇಲ್ಲ. ಒಂದರ ಮೇಲೊಂದು ಪೇರಿಸಿದ ಘನಾಕೃತಿಗಳಂತೆ ಅವು ನೋಡುವವನ ಕಡೆಗೇ ನುಗ್ಗಿ ಬರುತ್ತವೆ. ಪ್ರಕೃತಿಯನ್ನು ಸ್ತಂಭ, ಗೋಲ, ಶಂಕು ಎಂಬ ಆಕಾರಗಳ ಮೂಲಕ ಗ್ರಹಿಸಬೇಕೆಂದು ಸೆಜಾನನು ೧೯೦೪ರಲ್ಲಿ ಬೆರ್ನಾರನಿಗೆ ಬರೆದ ಮಾತು ಈ ವೇಳೆಗೆ ಚಿತ್ರಕಾರರಲ್ಲೆಲ್ಲ ಹಬ್ಬಿದ್ದಿತು.

ಅವನು ಆ ಚಿತ್ರಗಳನ್ನು ೧೯೦೮ರ ಶರತ್ಕಾಲದ ಪ್ರದರ್ಶನಕ್ಕೆ ಕಳುಹಿಸಿದನು. ಹಿಂದಿನ ವರ್ಷ ಸೆಜಾನನಿಗೆ ಕೊಠಡಿ ಕೊಟ್ಟು ಗೌರವಿಸಿದ್ದ ಆ ಸಂಸ್ಥೆಯ ಪರೀಕ್ಷಕರೇ, ಸೆಜಾನನಿಂದ ಕಲಿತವನನ್ನು ತಿರಸ್ಕರಿಸಿದರು! ಗುರುವಿಗೆ ಪೂಜೆ, ಶಿಷ್ಯನಿಗೆ ಬಹಿಷ್ಕಾರ ಎಂಬುದು ಎಲ್ಲ ದೇಶಗಳಲ್ಲಿಯೂ ನಡೆದು ಬಂದ ಸಂಪ್ರದಾಯವಷ್ಟೆ. ಆ ನವೆಂಬರಿನಲ್ಲಿ ಕಾನ್‌ವೈಲರ್ ಎಂಬ ವ್ಯಾಪಾರಿಯು ತನ್ನ ಸಣ್ಣ ಅಂಗಡಿಯಲ್ಲಿ ಅವುಗಳನ್ನು ತೂಗಹಾಕಿದನು. ಲೂಯಿ ವೋಕ್ಸೆಲ್ ಎಂಬ ವಿಮರ್ಶಕನು ಅವನ್ನು ಕಂಡು, ಈತನು ಎಲ್ಲವನ್ನೂ ಘನಾಕೃತಿಗೆ ಇಳಿಸಿದ್ದಾನೆಂದು ಪತ್ರಿಕೆಯಲ್ಲಿ ಬರೆದನು. ಬ್ರಾಕನೂ ಪಿಕಾಸೋ ಎಂಬ ಸ್ಪೇನ್ ದೇಶದವನೂ ಜೊತೆಗೂಡಿ ಬೆಳೆಸಿದ ‘ಕ್ಯೂಬಿಸಂ’ ಎಂಬ ಪಂಥಕ್ಕೆ ಹೆಸರು ಬಂದುದು ಹೀಗೆ. ಸೆಜಾನನ ಊರು, ಸೆಜಾನನ ಮಾತು, ಸೆಜಾನನ ಬಣ್ಣ ಇವೆಲ್ಲವೂ ಬ್ರಾಕನಲ್ಲಿ ಕಾಣುತ್ತವೆ. ಆದರೂ ಲೆಸ್ತಾಕಿನ ಆ ಮನೆಗಳ ಚಿತ್ರವನ್ನು ಸೆಜಾನನದೆಂದು ಯಾರೂ ಭ್ರಮಿಸಲಾರರು. ದೇಹಿಯು ದೇಹಿಯನ್ನು ಹೋಲುವುದೆಂದರೆ ಇದೇ ಅಲ್ಲವೆ?

ಇನ್ನು ಹೋಗಲಾರದೆ ಉಳಿದವಳ ಕಥೆ. ಪೌಲಾ ಮೋಡರ್ಸೋನ್-ಬೆಕರ್ ಎಂಬಾಕೆಯು ೧೮೭೬ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಹುಟ್ಟಿದವಳು. ಉತ್ತರ ಜರ್ಮನಿಯ ವೋರ್ಪ್ಸ್‌ವೇಡೆ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಚಿತ್ರಕಾರರ ಗುಂಪನ್ನು ಸೇರಿ, ೧೯೦೧ರಲ್ಲಿ ಅವರಲ್ಲೊಬ್ಬನಾದ ಓಟೋ ಮೋಡರ್ಸೋನನನ್ನು ಮದುವೆಯಾದಳು. ರಿಲ್ಕೆಯ ಹೆಂಡತಿ ಕ್ಲಾರಾ ಈಕೆಯ ಆಪ್ತಸಖಿ. ೧೯೦೦ರಲ್ಲಿ ಈ ಇಬ್ಬರು ಗೆಳತಿಯರೂ ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿನಿಯರಾಗಿದ್ದಾಗ, ಪೌಲಾ ಒಂದು ದಿನ ಕ್ಲಾರಾಳನ್ನು ವೊಲ್ಲಾರನ ಅಂಗಡಿಗೆ ಕರೆದುಕೊಂಡು ಹೋದಳು. ಗೋಡೆಗೆ ಮುಖಮಾಡಿ ಒರಗಿಸಿಟ್ಟಿದ್ದ ಪಟಗಳನ್ನು ತಾನೇ ತಿರುಗಿಸಿ, ಕೆಲವನ್ನು ಆರಿಸಿ ಗೆಳತಿಗೆ ತೋರಿಸಿದಳು. ಅವು ಸೆಜಾನನ ಚಿತ್ರಗಳು. ಆಕೆಗೆ ಆ ಹೆಸರನ್ನು ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ. ಆಕೆಯ ವಯಸ್ಸು ಇಪ್ಪತ್ತನಾಲ್ಕು.

ಆ ದಿನದ ಬೀಜವು ಆಕೆಯ ಕೆಲಸದಲ್ಲಿ ನಿಧಾನವಾಗಿ ಬೆಳೆಯಿತು. ಹಳ್ಳಿಯ ಮುದುಕಿಯರನ್ನೂ, ಮಕ್ಕಳನ್ನೂ, ಹಣ್ಣು ಹೂಜಿಗಳನ್ನೂ, ತನ್ನನ್ನೂ ಆಕೆಯು ಯಾವ ಅಲಂಕಾರವೂ ಇಲ್ಲದೆ, ದೊಡ್ಡದಾದ ಸರಳವಾದ ಆಕಾರಗಳಲ್ಲಿ ಬರೆದಳು. ೧೯೦೩, ೧೯೦೫, ೧೯೦೬ ಹೀಗೆ ಮತ್ತೆ ಮತ್ತೆ ಪ್ಯಾರಿಸ್ಸಿಗೆ ಹೋಗಿ ಚಿತ್ರಗಳನ್ನು ನೋಡಿ ಬಂದಳು. ಏಳು ನೂರಕ್ಕೂ ಮಿಗಿಲಾದ ವರ್ಣಚಿತ್ರಗಳನ್ನು ಬರೆದ ಈಕೆಯ ಜೀವಮಾನದಲ್ಲಿ ಮಾರಾಟವಾದವು ಬೆರಳೆಣಿಕೆಯವು. ಸಂಗತಿಯ ಕಹಿಯು ಇನ್ನೊಂದು ಕಡೆಯಲ್ಲಿದೆ: ೧೯೦೩ರಲ್ಲಿ ರಿಲ್ಕೆಯು ವೋರ್ಪ್ಸ್‌ವೇಡೆಯ ಚಿತ್ರಕಾರರ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ಐವರು ಚಿತ್ರಕಾರರಿಗೆ ಅದರಲ್ಲಿ ಅಧ್ಯಾಯಗಳುಂಟು. ಪೌಲಾಳ ಗಂಡನಿಗೂ ಉಂಟು. ಪೌಲಾಳಿಗೆ ಮಾತ್ರ ಎಡೆಯಿಲ್ಲ. ಆಕೆಯನ್ನು ಚೆನ್ನಾಗಿ ಬಲ್ಲ ಸ್ನೇಹಿತನಿಗೆ ಆಕೆಯ ಚಿತ್ರಗಳು ಆಗ ಕಾಣಲಿಲ್ಲ.

೧೯೦೭ರ ಅಕ್ಟೋಬರಿನಲ್ಲಿ ಪೌಲಾ ವೋರ್ಪ್ಸ್‌ವೇಡೆಯಲ್ಲಿ ಪೂರ್ಣಗರ್ಭಿಣಿಯಾಗಿದ್ದಳು. ಪ್ಯಾರಿಸ್ಸಿನ ಸುದ್ದಿಯು ಆಕೆಯನ್ನು ಮುಟ್ಟಿತು. ಅಕ್ಟೋಬರ್ ೨೧ರಂದು ಕ್ಲಾರಾಳಿಗೆ ಬರೆದ ಕಾಗದದಲ್ಲಿ, ತನ್ನ ಮೇಲೆ ಸಿಡಿಲುಮಳೆಯಂತೆ ಎರಗಿದ ಮೂರು ನಾಲ್ಕು ಚಿತ್ರಕಾರರಲ್ಲಿ ಸೆಜಾನನೊಬ್ಬನೆಂದು ಹೇಳಿ, ೧೯೦೦ರಲ್ಲಿ ವೊಲ್ಲಾರನ ಅಂಗಡಿಯಲ್ಲಿ ತಾವಿಬ್ಬರೂ ಕಂಡದ್ದನ್ನು ನೆನಪಿಸಿದಳು. ಈಗ ತಾನು ಇಲ್ಲಿಯೇ ಇರಬೇಕಾದ ಅನಿವಾರ್ಯವಿಲ್ಲದಿದ್ದರೆ ಪ್ಯಾರಿಸ್ಸಿಗೆ ಹೋಗದೆ ಇರುತ್ತಿರಲಿಲ್ಲವೆಂದಳು. ಮರುದಿನ ತಾಯಿಗೂ ಬರೆದು, ಐವತ್ತಾರು ಸೆಜಾನ್ ಚಿತ್ರಗಳನ್ನು ನೋಡಲು ಒಂದು ವಾರ ಹೋಗಿ ಬರುವ ಆಸೆಯನ್ನು ತೋಡಿಕೊಂಡಳು. ಅಷ್ಟು ಹೊತ್ತಿಗೆ ಅಲ್ಲಿ ಪ್ರದರ್ಶನವು ಮುಗಿಯುತ್ತಿತ್ತು. ನವೆಂಬರ್ ೨ರಂದು ಆಕೆಗೆ ಹೆಣ್ಣು ಮಗು ಹುಟ್ಟಿತು. ಹದಿನೆಂಟು ದಿನಗಳು ಹಾಸಿಗೆಯಲ್ಲಿದ್ದು, ನವೆಂಬರ್ ೨೦ರಂದು ಎದ್ದು ಕೆಲವು ಹೆಜ್ಜೆ ನಡೆದವಳು, ರಕ್ತದ ಹೆಪ್ಪುಗಟ್ಟುವಿಕೆಯಿಂದ ಕುಸಿದು, ಅಯ್ಯೋ ಎಂಬರ್ಥದ ಒಂದೇ ಮಾತನ್ನಾಡಿ ಪ್ರಾಣ ಬಿಟ್ಟಳು. ಆಕೆಗೆ ಮೂವತ್ತೊಂದು ವರ್ಷ.

ಒಂದು ವರ್ಷ ಕಳೆಯಿತು. ೧೯೦೮ರ ಅಕ್ಟೋಬರ್ ಕೊನೆ ನವೆಂಬರ್ ಮೊದಲ ದಿನಗಳಲ್ಲಿ ರಿಲ್ಕೆಯು ಪ್ಯಾರಿಸ್ಸಿನಲ್ಲಿ ಕುಳಿತು, ಅಗಲಿದ ಗೆಳತಿಯನ್ನು ಕುರಿತು ಒಂದು ದೀರ್ಘ ಶೋಕಗೀತವನ್ನು ಬರೆದನು. ಅದರಲ್ಲಿ ಆಕೆಯನ್ನು ಬರಿಯ ಸ್ನೇಹಿತೆಯೆಂದು ಕರೆಯದೆ, ಪಾತ್ರೆಯಲ್ಲಿಟ್ಟ ಹಣ್ಣಿನ ತೂಕವನ್ನು ಬಣ್ಣದಿಂದ ತೂಗಬಲ್ಲವಳೆಂದೂ, ತನ್ನ ರೂಪವನ್ನು ಕನ್ನಡಿಯಲ್ಲಿ ಮೋಹವಿಲ್ಲದೆ ಕಂಡವಳೆಂದೂ ಕೀರ್ತಿಸಿದನು. ಸೆಜಾನನ ಕೊಠಡಿಯಲ್ಲಿ ಕಲಿತ ಕಣ್ಣಿನ ಗುರುತು ಈ ಮಾತುಗಳಲ್ಲಿ ಸ್ಪಷ್ಟವಾಗಿದೆ. ಐವತ್ತಾರು ಪಟಗಳ ಮುಂದೆ ನಿಂತು ಅವನು ಪಡೆದ ದೃಷ್ಟಿಯಿಂದ, ಎಂಟು ವರ್ಷಗಳಿಂದ ಬಲ್ಲ ಗೆಳತಿಯು ಯಾವ ದರ್ಜೆಯ ಕಲಾವಿದೆಯೆಂಬುದು ಪೂರ್ಣವಾಗಿ ಕಂಡಿತು. ಆದರೆ ಹಾಗೆ ಕಂಡ ಮಾತನ್ನು ಕೇಳಲು ಆಕೆಯು ಇರಲಿಲ್ಲ. ೧೯೨೭ರಲ್ಲಿ ಬ್ರೆಮೆನ್ ನಗರದಲ್ಲಿ ಆಕೆಯ ಕೃತಿಗಳಿಗಾಗಿಯೇ ಒಂದು ಸಂಗ್ರಹಾಲಯವು ತೆರೆಯಿತು. ಒಬ್ಬ ಚಿತ್ರಕಾರ್ತಿಯ ಹೆಸರಿನಲ್ಲಿ ಲೋಕದಲ್ಲಿ ಸ್ಥಾಪಿತವಾದ ಮೊದಲನೆಯ ಸಂಗ್ರಹಾಲಯವೆಂದು ಅದು ಪ್ರಖ್ಯಾತವಾಗಿದೆ. ರಿಲ್ಕೆಯು ಅದನ್ನೂ ನೋಡಲಿಲ್ಲ. ೧೯೨೬ರ ಡಿಸೆಂಬರಿನಲ್ಲಿ ಅವನು ತೀರಿಕೊಂಡಿದ್ದನು.

ಈ ಮೂರು ವೃತ್ತಾಂತಗಳಿಂದ ನಾವು ತಿಳಿಯತಕ್ಕದ್ದೇನು? ಪ್ರದರ್ಶನಕ್ಕೆ ಹೋಗುವವನು ತನ್ನ ಕೆಲಸವನ್ನೂ ಅದರ ಸಂದೇಹವನ್ನೂ ಜೊತೆಗೆ ಕೊಂಡೊಯ್ಯಬೇಕು. ಸಂದೇಹವಿಲ್ಲದವನಿಗೆ ಅಲ್ಲಿ ಉತ್ತರವಿರಲಾರದು. ಒಂದು ದಿನದಲ್ಲಿ ಸಾವಿರ ಪಟಗಳನ್ನು ದಾಟಿಹೋಗುವುದಕ್ಕಿಂತ, ಒಂದು ಪಟದ ಮುಂದೆ ಹಲವು ದಿನ ನಿಲ್ಲುವುದು ಲೇಸು. ಕಂಡದ್ದನ್ನು ಮನೆಗೆ ಬಂದು ಮಾತಿನಲ್ಲಿಯೋ ರೇಖೆಯಲ್ಲಿಯೋ ಪುನಃ ಕಟ್ಟಿ ನೋಡಿದರೆ, ಎಷ್ಟು ಕಂಡೆವು ಎಷ್ಟು ಕಾಣಲಿಲ್ಲ ಎಂಬುದು ತಿಳಿಯುವುದು. ಪ್ಯಾರಿಸ್ಸಿನಂತಹ ನಗರಗಳು ದೂರವೆಂದು ಕೊರಗುವವರು ಪೌಲಾಳನ್ನು ನೆನೆಯಲಿ. ದೊಡ್ಡ ಮಂದಿರದ ಐವತ್ತಾರು ಚಿತ್ರಗಳು ಆಕೆಗೆ ದೊರೆಯಲಿಲ್ಲ. ಅಂಗಡಿಯ ಗೋಡೆಗೆ ಮುಖಮಾಡಿದ್ದ ಕೆಲವು ಪಟಗಳಿಂದಲೇ, ಅಲ್ಲಿಗೆ ಹೋದ ಇಬ್ಬರಿಗಿಂತ ಏಳು ವರ್ಷ ಮೊದಲೇ, ಆಕೆಯು ತನಗೆ ಬೇಕಾದುದನ್ನು ತೆಗೆದುಕೊಂಡಿದ್ದಳು.

ಇನ್ನೊಂದು ಮಾತು ಉಳಿದಿದೆ. ದೂರದಲ್ಲಿರುವ ಮಹಾತ್ಮರ ಕೃತಿಯನ್ನು ಕಂಡು ಕಣ್ಣು ತೆರೆದವನು, ಆ ಕಣ್ಣಿನಿಂದ ಮೊದಲು ತನ್ನ ನೆರೆಮನೆಯನ್ನು ನೋಡಬೇಕು. ನಮ್ಮ ಊರುಗಳಲ್ಲಿ ಹಸೆ ಬರೆಯುವವರು, ಮರ ಕೆತ್ತುವವರು, ಯಾರಿಗೂ ಹೇಳದೆ ಪದ್ಯ ಬರೆದು ಪೆಟ್ಟಿಗೆಯಲ್ಲಿಡುವವರು ಎಷ್ಟು ಮಂದಿ ಇದ್ದಾರೋ! ಅವರ ಪಟಗಳೂ ಗೋಡೆಗೆ ಮುಖಮಾಡಿಯೇ ಇವೆ. ಅವರು ಇರುವಾಗಲೇ ಅವುಗಳನ್ನು ತಿರುಗಿಸಿ ನೋಡುವಂತಾಗಲಿ.